ಹಳೆಯ ಥಿಂಕ್‌ಪ್ಯಾಡ್ ಮತ್ತು ಮೈಸೂರಿನ ಮೂರು ಕಂಪ್ಯೂಟರ್ ಅಂಗಡಿಗಳು

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲೂ ಅದರ ಅಡ್ಡರಸ್ತೆಗಳಲ್ಲೂ ಇರುವ ಮೂರು ಕಂಪ್ಯೂಟರ್ ಅಂಗಡಿಗಳಿಗೆ ಒಂದೇ ಲ್ಯಾಪ್‌ಟಾಪನ್ನು, ಒಂದೇ ದೋಷಕ್ಕಾಗಿ, ಐದು ವಾರಗಳ ಅವಧಿಯಲ್ಲಿ ಹೊತ್ತುಕೊಂಡು ಹೋಗಿ, ರಿಪೇರಿಯಾಗದೆ ವಾಪಸು ತಂದಿದ್ದೇನೆ. ಕೊನೆಗೆ ಅದು ಮಂಡ್ಯದ ಒಂದು ಸಣ್ಣ ಅಂಗಡಿಯಲ್ಲಿ ಒಂದೇ ಮಧ್ಯಾಹ್ನದೊಳಗೆ ಸರಿಹೋಯಿತು. ಅಂಗಡಿಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಕಂಡ ನಡವಳಿಕೆ ಆ ಮೂರು ಬಾಗಿಲುಗಳ ಒಳಗೆ ಮಾತ್ರ ಇರುವಂಥದ್ದಲ್ಲವಾದ್ದರಿಂದ, ಹಳೆಯ ಯಂತ್ರವನ್ನು ಇಟ್ಟುಕೊಂಡು ಅದರಿಂದಲೇ ಅನ್ನ ಸಂಪಾದಿಸುತ್ತಿರುವ ಇತರರಿಗೆ ಹೆಸರಿಗಿಂತ ವಿವರ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ಭಾವಿಸಿದ್ದೇನೆ.

ನನ್ನದು ಥಿಂಕ್‌ಪ್ಯಾಡ್ ಟಿ420. ಥಿಂಕ್‌ಪ್ಯಾಡ್ ಸರಣಿಯನ್ನು ಐಬಿಎಂ 1992ರಲ್ಲಿ ಆರಂಭಿಸಿತು. 2005ರಲ್ಲಿ ಐಬಿಎಂನ ಪಿಸಿ ವಿಭಾಗವನ್ನು ಲೆನೊವೊ ಕೊಂಡಾಗ ಆ ಸರಣಿಯೂ ಅದರ ಕೈಸೇರಿತು. ಟಿ420 ಮಾರುಕಟ್ಟೆಗೆ ಬಂದದ್ದು 2011ರಲ್ಲಿ, ನಾನು ಕೊಂಡದ್ದು ಅದರ ಮರುವರ್ಷ. ಸರಸ್ವತಿಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕಗಳ ಅಕ್ಷರ ಜೋಡಣೆ ಮತ್ತು ಪುಟ ವಿನ್ಯಾಸ ಮಾಡುವ ನನಗೆ ಈ ಯಂತ್ರ ಇಷ್ಟು ವರ್ಷ ಬೇಕಾದದ್ದು ಹಳೆಯದರ ಮೇಲಿನ ವ್ಯಾಮೋಹದಿಂದಲ್ಲ. ಅದಕ್ಕೆ ಎರಡು ಕಾರಣಗಳಿವೆ, ಎರಡೂ ಕೆಲಸಕ್ಕೆ ಸಂಬಂಧಿಸಿದವು.

ಮೊದಲನೆಯದು ಅದರ ಕೀಲಿಮಣೆ. ಥಿಂಕ್‌ಪ್ಯಾಡ್‌ನ ಹಳೆಯ ಏಳು ಸಾಲಿನ ಕೀಲಿಮಣೆ ಇದ್ದ ಕೊನೆಯ ಪೀಳಿಗೆ ಇದೇ. 2017ರಲ್ಲಿ ಇಪ್ಪತ್ತೈದನೆಯ ವರ್ಷದ ನೆನಪಿಗೆಂದು ತಂದ ಒಂದು ಮಾದರಿಯನ್ನು ಬಿಟ್ಟರೆ, 2012ರಿಂದೀಚಿನವಕ್ಕೆಲ್ಲ ಆರು ಸಾಲಿನ ಚಪ್ಪಟೆ ಕೀಲಿಗಳು. ನಾನು ಬಳಸುವುದು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ತಂತ್ರಾಂಶದಿಂದ ಎಲ್ಲರಿಗೂ ಪರಿಚಿತವಾದ ಕೀಲಿ ಜೋಡಣೆ. ಅದರಲ್ಲಿ ಒತ್ತಕ್ಷರ ಮೂಡಿಸಲು ಪ್ರತಿ ಸಲವೂ ಎಫ್ ಕೀಲಿಯನ್ನು ಒತ್ತಬೇಕು, ಮತ್ತು ಕನ್ನಡದಲ್ಲಿ ಒತ್ತಕ್ಷರವಿಲ್ಲದ ಸಾಲು ಹುಡುಕಿದರೂ ಸಿಗುವುದು ಕಷ್ಟ. ದಿನಕ್ಕೆ ಸಾವಿರಾರು ಸಲ ಒಂದೇ ಬೆರಳು ಒಂದೇ ಕೀಲಿಯ ಮೇಲೆ ಬೀಳುವವರಿಗೆ ಆ ಕೀಲಿ ಎಷ್ಟು ಆಳಕ್ಕೆ ಇಳಿಯುತ್ತದೆ, ಹೇಗೆ ಮೇಲೇಳುತ್ತದೆ ಎನ್ನುವುದು ಮಣಿಕಟ್ಟಿನ ಆರೋಗ್ಯದ ಪ್ರಶ್ನೆ. ಕರಡು ತಿದ್ದುವಾಗ ಡಿಲೀಟ್, ಹೋಮ್, ಎಂಡ್ ಕೀಲಿಗಳ ಕಡೆಗೆ ಕೈ ತಾನಾಗಿಯೇ ಹೋಗಬೇಕು. ಟಿ420ರಲ್ಲಿ ಡಿಲೀಟ್ ಕೀಲಿ ಎರಡು ಸಾಲಿನಷ್ಟು ಎತ್ತರವಾಗಿರುವುದರಿಂದ ಕಣ್ಣನ್ನು ಕರಡಿನಿಂದ ತೆಗೆಯದೆಯೇ ಅದನ್ನು ಮುಟ್ಟಬಹುದು.

ಎರಡನೆಯ ಕಾರಣ ಇನ್ನೂ ಗಟ್ಟಿಯಾದದ್ದು. ಕನ್ನಡದ ಅನೇಕ ಮುದ್ರಣಾಲಯಗಳಂತೆ ನಾನೂ ಬಹಳ ಕಾಲ ಪುಟಗಳನ್ನು ಕಟ್ಟಿದ್ದು ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ, ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ; ಆಮೇಲೆ ಅದರ ಅಭಿವೃದ್ಧಿ ನಿಂತುಹೋಯಿತು. ಆ ಪುಟಗಳನ್ನು ಯೂನಿಕೋಡ್‌ಗೆ ಪರಿವರ್ತಿಸಬಹುದು, ನಾನು ಪರಿವರ್ತಿಸುತ್ತಲೂ ಇದ್ದೇನೆ. ಆದರೆ ಪರಿವರ್ತನೆಯಾದ ಪಠ್ಯದಲ್ಲಿ ಅರ್ಕಾವತ್ತು ಜಾಗ ತಪ್ಪುತ್ತದೆ, ಸಾಲು ಒಡೆಯುವ ಕಡೆಗಳು ಬದಲಾಗುತ್ತವೆ, ಪುಟಸಂಖ್ಯೆ ಸರಿಯುತ್ತದೆ, ಪುಟಸಂಖ್ಯೆ ಸರಿದರೆ ಹಿಂದಿನ ಪದಸೂಚಿ ಪೂರ್ತಿ ನಿರುಪಯೋಗವಾಗುತ್ತದೆ. ಹತ್ತು ವರ್ಷದ ಹಿಂದಿನ ಪುಸ್ತಕಕ್ಕೆ ಮರುಮುದ್ರಣ ಬೇಕೆಂದು ಪ್ರಕಾಶಕರು ಕೇಳಿದಾಗ, ಅದನ್ನು ಕಟ್ಟಿದ ಯಂತ್ರದಲ್ಲೇ ತೆರೆದು, ನಾಲ್ಕು ತಪ್ಪು ತಿದ್ದಿ ಕಳುಹಿಸುವುದು ಅರ್ಧ ದಿನದ ಕೆಲಸ. ಹೊಸದಾಗಿ ಪುಟ ಕಟ್ಟುವುದು ಮೂರು ವಾರದ ಕೆಲಸ.

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಯಂತ್ರ ಹಾಕಿದ ಕೂಡಲೇ ಪರದೆಯ ಮೇಲೆ ‘ಫ್ಯಾನ್ ಎರರ್’ ಎಂಬ ಎರಡೇ ಪದಗಳು ಮೂಡಿ, ಕೆಲವು ಕ್ಷಣಗಳಲ್ಲಿ ಅದು ತಾನೇ ಆರಿಹೋಯಿತು. ಥಿಂಕ್‌ಪ್ಯಾಡ್‌ಗಳು ಹೀಗೆ ನಡೆದುಕೊಳ್ಳುವಂತೆ ಮಾಡಿರುವುದು ಉದ್ದೇಶಪೂರ್ವಕವಾಗಿಯೇ: ಫ್ಯಾನ್ ತಿರುಗದಿದ್ದರೆ ಪ್ರೊಸೆಸರ್ ಕಾದು ಹಾಳಾಗಬಾರದೆಂದು ಯಂತ್ರ ಮುಂದುವರಿಯಲು ಒಪ್ಪುವುದಿಲ್ಲ. ಅಂದರೆ ರೋಗಿ ತನ್ನ ಕಾಯಿಲೆಯ ಹೆಸರನ್ನು ತಾನೇ ಹೇಳುತ್ತಿದೆ. ಇದಕ್ಕಿಂತ ಸುಲಭವಾಗಿ ಗುರುತಿಸಬಹುದಾದ ದೋಷವನ್ನು ಯಾವ ರಿಪೇರಿಯವರೂ ಬಯಸಲಾರರು.

ಮೊದಲು ಹೋದದ್ದು, 2012ರಲ್ಲಿ ಇದನ್ನು ಕೊಂಡ ಅಂಗಡಿಗೆ. ಅಲ್ಲಿಂದಲೇ ಎರಡು ಪ್ರಿಂಟರ್, ಒಂದು ಯುಪಿಎಸ್, ಮಗನ ಓದಿಗೆಂದು ಇನ್ನೊಂದು ಲ್ಯಾಪ್‌ಟಾಪ್ ಸಹ ಕೊಂಡಿದ್ದೇವೆ. ಕೌಂಟರಿನಲ್ಲಿದ್ದ ಯುವಕ ಯಂತ್ರವನ್ನು ಚೀಲದಿಂದ ಪೂರ್ತಿ ಹೊರಗೆ ತೆಗೆಯುವ ಮೊದಲೇ, “ಮೇಡಂ, ಇದು ತುಂಬಾ ಹಳೇ ಮಾಡೆಲ್, ಇದರ ಸ್ಪೇರ್ ಎಲ್ಲೂ ಸಿಗಲ್ಲ” ಎಂದರು. ಒಮ್ಮೆ ಹಾಕಿಯಾದರೂ ನೋಡಿ ಎಂದು ಕೇಳಿದೆ. ಅವರು ಹಾಕಲಿಲ್ಲ. ಬದಲಿಗೆ ಎಕ್ಸ್‌ಚೇಂಜ್‌ನಲ್ಲಿ 1,500 ರೂಪಾಯಿ ಕಳೆದು 58,000 ರೂಪಾಯಿಯ ಹೊಸ ಲ್ಯಾಪ್‌ಟಾಪ್ ಕೊಡುವ ಬಗ್ಗೆ ಹತ್ತು ನಿಮಿಷ ವಿವರಿಸಿದರು. ಅವರ ಮಾತಿನಲ್ಲಿ ಒರಟುತನವೇನೂ ಇರಲಿಲ್ಲ, ಕುರ್ಚಿ ಹಾಕಿ ಕೂರಿಸಿದರು, ನೀರು ಕೊಟ್ಟರು. ನನಗೆ ಬೇಸರವಾದದ್ದು ಹದಿಮೂರು ವರ್ಷದ ಗಿರಾಕಿಯ ಕೈಯಲ್ಲಿದ್ದ ವಸ್ತುವಿನ ಕಡೆಗೆ ಒಂದು ನಿಮಿಷದ ಕುತೂಹಲವೂ ಅಲ್ಲಿ ಇರಲಿಲ್ಲವೆಂಬುದಕ್ಕೆ.

ಎರಡನೆಯ ಅಂಗಡಿಯಲ್ಲಿ ನಡೆದದ್ದನ್ನು ನಾನು ಕ್ಷಮಿಸಲಾರೆ. ಅವರು 350 ರೂಪಾಯಿ ತಪಾಸಣಾ ಶುಲ್ಕ ಪಡೆದು, ರಸೀದಿ ಬರೆದುಕೊಟ್ಟು, ಯಂತ್ರವನ್ನು ಹನ್ನೆರಡು ದಿನ ಇಟ್ಟುಕೊಂಡರು. ಮೂರು ಸಲ ಫೋನ್ ಮಾಡಿದ ಮೇಲೆ, “ಬಿಚ್ಚಿ ನೋಡಿದ್ವಿ, ಮದರ್‌ಬೋರ್ಡ್ ಹೋಗಿದೆ, ರಿಪೇರಿಗೆ ಹಾಕೋದು ದಂಡ” ಎಂಬ ಉತ್ತರ ಬಂತು. ಮನೆಗೆ ತಂದು ತಿರುಗಿಸಿ ನೋಡಿದರೆ, 2019ರಲ್ಲಿ ಮೆಮೊರಿ ಹೆಚ್ಚಿಸಿದಾಗ ತಳದ ಮುಚ್ಚಳದ ತಿರುಪಿನ ಮೇಲೆ ನಾನೇ ದಿನಾಂಕ ಬರೆದು ಅಂಟಿಸಿದ್ದ ಚೀಟಿ ಒಂದು ಅಂಚೂ ಏಳದೆ ಹಾಗೆಯೇ ಇತ್ತು. ಮದರ್‌ಬೋರ್ಡ್ ಸತ್ತಿದ್ದರೆ ಪರದೆಯ ಮೇಲೆ ದೋಷದ ಹೆಸರು ಮೂಡುವುದಾದರೂ ಹೇಗೆ? ನಾನು ಎಂಜಿನಿಯರ್ ಅಲ್ಲ, ಆದರೂ ಅಷ್ಟು ನನಗೆ ಅರ್ಥವಾಗುತ್ತದೆ. ಅರ್ಥವಾಗದವರು ಎಷ್ಟು ಜನ ಆ ಮಾತನ್ನು ನಂಬಿ, ಒಂದು ಫ್ಯಾನ್ ಬದಲಿಸಿದರೆ ಓಡುವ ಯಂತ್ರವನ್ನು ಗುಜರಿಗೆ ಹಾಕಿರಬಹುದು ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಮೂರನೆಯ ಅಂಗಡಿಯ ಮಾಲೀಕರು ಎರಡು ನಿಮಿಷದಲ್ಲಿ, ಅಷ್ಟು ಹಳೆಯದನ್ನು ತಾವು ಮುಟ್ಟುವುದಿಲ್ಲ, ತಮ್ಮಲ್ಲಿರುವ ಹುಡುಗರಿಗೆ ಅದು ಗೊತ್ತಿಲ್ಲ ಎಂದು ನೇರವಾಗಿ ಹೇಳಿ ಕಳುಹಿಸಿದರು. ಅವರ ಬಗ್ಗೆ ನನ್ನ ದೂರು ಏನೂ ಇಲ್ಲ.

ಅಂಗಡಿಯವರ ಕಡೆಯ ಮಾತನ್ನೂ ಹೇಳಬೇಕು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್‌ನದಾದರೆ ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಟಿ420ರಲ್ಲಿರುವುದು ಎರಡನೆಯ ಪೀಳಿಗೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಸಾಮಾನ್ಯ ಗಿರಾಕಿಗೆ ಹೊಸದನ್ನು ಕೊಳ್ಳಿ ಎಂದು ಸಲಹೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಸಲಹೆ ಕೊಡುವ ಮೊದಲು ಯಂತ್ರವನ್ನು ಯಾವ ಕೆಲಸಕ್ಕೆ ಬಳಸುತ್ತೀರಿ ಎಂದು ಕೇಳಬೇಕಲ್ಲವೇ? ನನ್ನ ಯಂತ್ರದಲ್ಲಿ ಪೇಜ್‌ಮೇಕರ್ ಇರುವ ವಿಂಡೋಸ್ 7 ಒಂದು ಡಿಸ್ಕಿನಲ್ಲಿದೆ, ಅದು ಇಂಟರ್‌ನೆಟ್ಟಿಗೆ ಹೋಗುವುದೇ ಇಲ್ಲ. ಡಿವಿಡಿ ಡ್ರೈವ್ ಇದ್ದ ಜಾಗದಲ್ಲಿ ಕೂರಿಸಿರುವ ಎರಡನೆಯ ಡಿಸ್ಕಿನಲ್ಲಿ ಲಿನಕ್ಸ್ ಮಿಂಟ್ ಇದೆ, ಮಿಂಚಂಚೆ ಮತ್ತು ಯೂನಿಕೋಡ್ ಕೆಲಸ ಅದರಲ್ಲಿ ನಡೆಯುತ್ತದೆ. ಈ ಪ್ರಶ್ನೆಯನ್ನು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಬಿಡಿಭಾಗ ಸಿಗುವುದಿಲ್ಲ ಎಂಬ ಮಾತಂತೂ ಸರಿಯಲ್ಲ. ಟಿ ಸರಣಿಯ ಲ್ಯಾಪ್‌ಟಾಪುಗಳನ್ನು ಹೆಚ್ಚಾಗಿ ಕೊಳ್ಳುತ್ತಿದ್ದದ್ದು ದೊಡ್ಡ ಕಂಪನಿಗಳು, ಅದೂ ಒಮ್ಮೆಗೇ ನೂರಾರು. ಮೂರು ನಾಲ್ಕು ವರ್ಷಗಳಾದ ಮೇಲೆ ಅವುಗಳನ್ನು ಒಟ್ಟಾಗಿ ವಿಲೇವಾರಿ ಮಾಡಿದಾಗ ಅವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಚ್ಚಿದ ಯಂತ್ರಗಳ ಭಾಗಗಳು ಇಂದಿಗೂ ಮಾರಾಟವಾಗುತ್ತವೆ. ಪ್ರತಿ ಭಾಗಕ್ಕೂ ಎಫ್‌ಆರ್‌ಯು ಎಂಬ ಗುರುತಿನ ಸಂಖ್ಯೆ ಇರುತ್ತದೆ. ಯಾವ ತಿರುಪನ್ನು ಯಾವ ಕ್ರಮದಲ್ಲಿ ಬಿಚ್ಚಬೇಕೆಂದು ಚಿತ್ರಸಮೇತ ವಿವರಿಸುವ ದುರಸ್ತಿ ಕೈಪಿಡಿಯನ್ನು ತಯಾರಕರೇ ಎಲ್ಲರಿಗೂ ಉಚಿತವಾಗಿ ಒದಗಿಸಿದ್ದಾರೆ. ಇಷ್ಟು ಅನುಕೂಲವಿರುವ ಹಳೆಯ ಯಂತ್ರಗಳು ಬಹಳ ಇಲ್ಲ.

ಹಳೆಯ ಸರಣಿಯನ್ನು ಮಾರಾಟಗಾರರು ಕೈಬಿಡುವುದು ಇಂದಿನ ಸಂಗತಿಯೂ ಅಲ್ಲ. 1977ರಲ್ಲಿ ಬಂದ ಆಪಲ್ ಟು ಸರಣಿಯ ಬಳಕೆದಾರರು, 1984ರಲ್ಲಿ ಮ್ಯಾಕಿಂಟಾಷ್ ಬಂದ ಮೇಲೆ ಅಂಗಡಿಗಳಲ್ಲಿ ತಮ್ಮ ಯಂತ್ರಕ್ಕೆ ಬೆಲೆಯಿಲ್ಲವಾಯಿತೆಂದು ವರ್ಷಗಟ್ಟಲೆ ದೂರುತ್ತಿದ್ದರು. ಅದೇ 1984ರ ಏಪ್ರಿಲ್‌ನಲ್ಲಿ ‘ಆಪಲ್ ಟು ಎಂದೆಂದಿಗೂ’ ಎಂಬ ಘೋಷಣೆಯಡಿ ಕಂಪನಿ ಸಮಾರಂಭವನ್ನೇ ನಡೆಸಿತ್ತು. ಸರಣಿಯ ಕೊನೆಯ ಮಾದರಿಯ ಮಾರಾಟ 1993ರಲ್ಲಿ ನಿಂತಿತು. ಅಂದಿನವರ ಯಂತ್ರ ಇನ್ನೂ ತಯಾರಾಗುತ್ತಿದ್ದಾಗಲೇ ಅವರಿಗೆ ಆ ಅನುಭವವಾಗಿತ್ತು.

ಮಂಡ್ಯದ ಅಂಗಡಿಯನ್ನು ಹೇಳಿದವರು ನನ್ನ ಪುಟಗಳನ್ನು ಮುದ್ರಿಸುವ ಅಲ್ಲಿನ ಮುದ್ರಣಾಲಯದವರು. ನೂರಡಿ ರಸ್ತೆಯಿಂದ ಒಳಗೆ ಹೋದರೆ, ಒಂದು ಷಟರ್‌ನಷ್ಟೇ ಅಗಲದ ಕೋಣೆ, ಗೋಡೆಯುದ್ದಕ್ಕೂ ಹಳೆಯ ಲ್ಯಾಪ್‌ಟಾಪುಗಳ ರಾಶಿ, ಒಂದು ಮೇಜು, ಒಂದು ದೀಪ. ರೈಲಿನಲ್ಲಿ ಹೋಗಿ ಹನ್ನೆರಡು ಗಂಟೆಯ ಹೊತ್ತಿಗೆ ತಲುಪಿದೆ. ರಿಪೇರಿ ಮಾಡುವ ವ್ಯಕ್ತಿ ಮಾಡಿದ ಮೊದಲ ಕೆಲಸ ಯಂತ್ರವನ್ನು ಹಾಕಿ, ಕಿವಿ ಹತ್ತಿರ ಹಿಡಿದು ಕೇಳಿದ್ದು. ಆಮೇಲೆ ಬ್ಯಾಟರಿ ತೆಗೆದು, ನನ್ನ ಚೀಟಿಯನ್ನು ಬ್ಲೇಡಿನಿಂದ ಹರಿಯದಂತೆ ಎಬ್ಬಿಸಿ ಪಕ್ಕಕ್ಕಿಟ್ಟು, ಕೀಲಿಮಣೆಯನ್ನು ಬಿಚ್ಚಿದರು. “ಅಕ್ಕಾ, ಬೋರ್ಡ್ ಚೆನ್ನಾಗೈತೆ. ಫ್ಯಾನ್ ಜಾಮ್ ಆಗೈತೆ ಅಷ್ಟೇಯ. ನಮ್ತವ ಒಂದೈತೆ, ನಿಮ್ದಕ್ಕೆ ಕೂರ್ತದಾ ನೋಡ್ತೀನಿ, ಕೂತ್ಕಳಿ” ಎಂದರು. ಕೂರುತ್ತದೆಯೇ ಎಂದು ನೋಡಬೇಕಾದ ಕಾರಣವನ್ನೂ ಅವರೇ ವಿವರಿಸಿದರು: ಟಿ420ರಲ್ಲಿ ಎನ್ವಿಡಿಯಾ ಗ್ರಾಫಿಕ್ಸ್ ಇರುವುದು ಮತ್ತು ಇಂಟೆಲ್‌ನದು ಮಾತ್ರ ಇರುವುದು ಎಂದು ಎರಡು ಬಗೆಯಿದ್ದು, ಶಾಖ ಹೀರುವ ತಾಮ್ರದ ಕೊಳವೆಯ ಜೋಡಣೆ ಎರಡಕ್ಕೂ ಬೇರೆ ಬೇರೆ, ಫ್ಯಾನ್ ಅದರೊಂದಿಗೇ ಬರುತ್ತದೆ. ನನ್ನದು ಇಂಟೆಲ್‌ನದು, ಅವರ ಬಳಿ ಇದ್ದದ್ದೂ ಅದೇ. ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದರು, ಕೀಲಿಮಣೆಯ ಅಡಿಯ ಧೂಳನ್ನು ಬ್ರಷ್‌ನಿಂದ ತೆಗೆದರು, ಒಂದು ಗಂಟೆ ಓಡಿಸಿ ಬಿಸಿ ಎಷ್ಟೇರುತ್ತದೆಂದು ಪರೀಕ್ಷಿಸಿದರು. ಭಾಗಕ್ಕೆ 900, ಕೆಲಸಕ್ಕೆ 400, ಒಟ್ಟು 1,300 ರೂಪಾಯಿ. ಕೆಟ್ಟ ಫ್ಯಾನನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಕೈಗೇ ಕೊಟ್ಟರು. ಮೂರೂವರೆಗೆ ನಾನು ಮತ್ತೆ ಸ್ಟೇಷನ್ನಿನಲ್ಲಿದ್ದೆ.

ಆ ಕೆಲಸಕ್ಕೆ ಬೇಕಾದ ಯಾವ ಉಪಕರಣವೂ ಮೈಸೂರಿನ ಆ ದೊಡ್ಡ ಅಂಗಡಿಗಳಲ್ಲಿ ಇಲ್ಲವೆಂದಲ್ಲ. ಅಲ್ಲಿ ಎ.ಸಿ. ಇದೆ, ಸರ್ವಿಸ್ ವಿಭಾಗವೆಂಬ ಪ್ರತ್ಯೇಕ ಕೌಂಟರ್ ಇದೆ, ಟೋಕನ್ ವ್ಯವಸ್ಥೆ ಇದೆ. ನಾನು ಕೇಳುವುದು ಇಷ್ಟೇ: ತಂದವರ ಯಂತ್ರವನ್ನು ಒಮ್ಮೆ ಹಾಕಿ ನೋಡಿ, ಶುಲ್ಕ ತೆಗೆದುಕೊಂಡರೆ ನಿಜವಾಗಿಯೂ ಬಿಚ್ಚಿ ನೋಡಿ, ನಿಮ್ಮಿಂದ ಆಗದಿದ್ದರೆ ಮೂರನೆಯ ಅಂಗಡಿಯವರಂತೆ ಆಗುವುದಿಲ್ಲ ಎಂದೇ ಹೇಳಿ, ಮಾಡುವವರ ವಿಳಾಸ ಗೊತ್ತಿದ್ದರೆ ಬರೆದುಕೊಡಿ. ಹಾಗೆ ಮಾಡಿದ್ದರೆ ನನ್ನ ಮುಂದಿನ ಹೊಸ ಯಂತ್ರವನ್ನು ನಾನು ಮೊದಲಿನ ಅಂಗಡಿಯಲ್ಲೇ ಕೊಳ್ಳುತ್ತಿದ್ದೆ.

ಅಂಕ ಕೊಡುವುದಾದರೆ, ಐದಕ್ಕೆ ಮೊದಲನೆಯದಕ್ಕೆ ಎರಡು, ಎರಡನೆಯದಕ್ಕೆ ಸೊನ್ನೆ, ಮೂರನೆಯದಕ್ಕೆ ಮೂರು, ಮಂಡ್ಯದ್ದಕ್ಕೆ ಐದು. ಇದೇ ಸರಣಿಯ ಹಳೆಯ ಯಂತ್ರವನ್ನು ರಿಪೇರಿಗೆ ಒಯ್ಯುವವರು ತಳದಲ್ಲಿರುವ ಮಾದರಿ ಸಂಖ್ಯೆಯನ್ನೂ, ಕೈಪಿಡಿಯಲ್ಲಿ ನೋಡಿ ಬೇಕಾದ ಭಾಗದ ಎಫ್‌ಆರ್‌ಯು ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪರದೆಯ ಮೇಲೆ ಮೂಡುವ ದೋಷದ ಫೋಟೋ ತೆಗೆದಿಟ್ಟುಕೊಳ್ಳಿ. ಕೊಡುವ ಮೊದಲು ಯಾವುದಾದರೂ ತಿರುಪಿನ ಮೇಲೆ ದಿನಾಂಕದ ಚೀಟಿಯೊಂದನ್ನು ಅಂಟಿಸಿ.