ತಾಲ್ಲೂಕು ರೆಕಾರ್ಡ್ ರೂಂ: ಕಡತ ಇದೆ, ನಂಬರ್ ಗೊತ್ತಿದ್ದರೆ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯ ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಂ. 1974ರ ಭೂಸುಧಾರಣೆ ನಮ್ಮ ಕಡೆ ಏನು ಮಾಡಿತು ಅಂತ ಬರೆಯಹೊರಟವರಿಗೆ, ಗೇಣಿದಾರರ ಅರ್ಜಿ ವಿಚಾರಿಸಿ ತೀರ್ಮಾನಿಸುತ್ತಿದ್ದ ಭೂನ್ಯಾಯಮಂಡಳಿಯ ಕಡತಗಳಿಗಿಂತ ಒಳ್ಳೆ ಆಕರ ಇಲ್ಲ. ಆಕರಕ್ಕೆ ಐದಕ್ಕೆ ಐದು, ಕೈಗೆ ಸಿಗುವ ಬಗೆಗೆ ಎರಡು.

ಕಟ್ಟು ಬಿಚ್ಚಿದರೆ ಮೇಲೆ ನಮೂನೆ 7, ಅಂದರೆ ಭೂಮಿ ತನ್ನ ಹೆಸರಿಗೆ ಮಾಡಿಕೊಡಿ ಅಂತ ಗೇಣಿದಾರ ಹಾಕಿದ ಅರ್ಜಿ: ಸರ್ವೆ ನಂಬರ್, ಎಕರೆ-ಗುಂಟೆ, ಕೆಳಗೆ ಮಸುಕಾದ ಹೆಬ್ಬೆಟ್ಟು. ಅದರಡಿ ನೋಟಿಸು, ಎರಡೂ ಕಡೆಯವರ ಹೇಳಿಕೆ, ಕೊನೆಗೆ ಆದೇಶ. ಗೇಣಿ ಎಷ್ಟಿತ್ತು, ರಸೀದಿ ಯಾಕಿಲ್ಲ, ಸಾಕ್ಷಿ ಯಾರು ಅನ್ನೋದೆಲ್ಲ ಹೇಳಿಕೆಗಳಲ್ಲೇ ಇರುತ್ತದೆ. ಆದೇಶದ ನಕಲಷ್ಟೇ ಕೇಳಬೇಡಿ, ಪೂರ್ತಿ ಕಡತ ಕೇಳಿ. ಇಲ್ಲಿ ಕಾಫಿ ತೋಟ ಹುಡುಕಿಯೂ ಪ್ರಯೋಜನವಿಲ್ಲ. ಭೂಸುಧಾರಣೆ ಕಾಯ್ದೆಯ ಸೆಕ್ಷನ್ 104 ಪ್ಲಾಂಟೇಶನ್‌ಗಳನ್ನು ಹೊರಗಿಟ್ಟಿದ್ದರಿಂದ ಕಾಣುವುದು ಹೆಚ್ಚಾಗಿ ಗದ್ದೆಯ ಜಗಳ. ತೋಟದ ಕೂಲಿಯವರ ಚರಿತ್ರೆಗೆ ಬೇರೆ ಬಾಗಿಲು ತಟ್ಟಬೇಕು.

ತೊಡಕು ನಂಬರಿನದು. ಕಡತ ಜೋಡಿಸಿರುವುದು ಕೇಸ್ ನಂಬರ್ ಮತ್ತು ವರ್ಷದ ಮೇಲೆ. ಊರು, ಅಜ್ಜನ ಹೆಸರು ಹೇಳಿದರೆ ಯಾರೂ ಏಣಿ ಹತ್ತುವುದಿಲ್ಲ. ಹಿಂದಿನಿಂದ ಬನ್ನಿ. ಪಹಣಿಯ 10ನೇ ಕಾಲಂನಲ್ಲಿ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ವಹಿ) ನಂಬರ್ ಇರುತ್ತದೆ, ಆ ಮ್ಯುಟೇಶನ್ ನಮೂದಿನಲ್ಲಿ ಮಂಡಳಿಯ ಆದೇಶದ ನಂಬರು, ತಾರೀಕು ಹುಡುಕಿ. ಕೈಬರಹದ ಹಳೇ ಪಹಣಿ ಸಿಕ್ಕರೆ 12ನೇ ಕಾಲಂನ ಸಾಗುವಳಿದಾರರ ಹೆಸರನ್ನೂ ಬರೆದುಕೊಳ್ಳಿ. ಮಂಡಳಿಯ ಕೇಸ್ ರಿಜಿಸ್ಟರ್‌ಗಳಲ್ಲಿ 74-75ರದ್ದೊಂದನ್ನೇ ನೋಡಿ ಕೈಬಿಡಬಾರದು. ನಮೂನೆ 7ಕ್ಕೆ ಕೊನೆ ದಿನ 30-6-1979, ಆದ್ದರಿಂದ 79-80ರವರೆಗೂ ತಿರುವಿಹಾಕಬೇಕು.

ಈ ಕಚೇರಿಯಲ್ಲಿ ರಿಜಿಸ್ಟರಿನ ಮೊದಲ ಹಾಳೆಗಳೇ ಕಿತ್ತುಹೋಗಿವೆ. ಕೌಂಟರಿನಲ್ಲಿ ‘ಕಡತ ಇಲ್ಲ’ ಅನ್ನುವುದು ಬಾಯಿಮಾತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ‘ಲಭ್ಯವಿಲ್ಲ’ ಅಂತ ಹಿಂಬರಹ ಬರೆಸಿಕೊಳ್ಳಿ. ಬರೆದು ಸಹಿ ಹಾಕಬೇಕು ಅಂದಾಗ ಇನ್ನೊಂದು ಸಲ ಹುಡುಕುವವರೂ ಇದ್ದಾರೆ! ಮಂಡಳಿಗೆ ಅಧ್ಯಕ್ಷರು ಉಪವಿಭಾಗಾಧಿಕಾರಿ (ಎ.ಸಿ.), ಹಾಗಾಗಿ ಹಿಂಬರಹ ಹಿಡಿದು ಎ.ಸಿ. ಕಚೇರಿಯಲ್ಲೂ ವಿಚಾರಿಸಿ. ಹೈಕೋರ್ಟಿಗೆ ರಿಟ್ ಹೋಗಿದ್ದರೆ ಮೂಲ ಕಡತ ಅಲ್ಲಿಗೇ ಹೋಗಿರಬಹುದು.

ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. ನಕಲಿಗಿಂತ ಮೊದಲು ‘ಇಂಥ ವರ್ಷದ ರಿಜಿಸ್ಟರ್ ಪರಿಶೀಲನೆ’ ಕೇಳಿ. ಬೇಕಾದ ಪುಟ ಗುರುತಿಸಿ ಆಮೇಲೆ ಪುಟಕ್ಕೆ 2 ರೂಪಾಯಿಯಂತೆ ನಕಲು. ಖಾಸಗಿ ಮಾಹಿತಿ ಅಂತ ತಳ್ಳಿಹಾಕಿದರೆ ಸೆಕ್ಷನ್ 8(3) ತೋರಿಸಿ: 20 ವರ್ಷ ದಾಟಿದ ಸಂಗತಿಗೆ ಆ ನೆಪ ನಡೆಯದು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ.

ಮೈಸೂರು ಸಂಸ್ಥಾನದ ಕಾಲದ್ದು ಬೇಕಿದ್ದರೆ ತಾಲ್ಲೂಕಿನಲ್ಲಿ ದಿನ ಕಳೆಯದೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ಅಲ್ಲಿ ‘ಚಿಕ್ಕಮಗಳೂರು ಜಿಲ್ಲೆ’ ಅಂತ ಹುಡುಕಿದರೆ ಬರಿಗೈ. ಆಗ ಇದು ಕಡೂರು ಜಿಲ್ಲೆ.