ಗ್ಲೋಬಲ್ ಫಾರೆಸ್ಟ್ ವಾಚ್: ಪಶ್ಚಿಮ ಘಟ್ಟದ ಕಾಡಿಗೆ ಈ ನಕ್ಷೆ ಎಷ್ಟು ಆಗಿಬರುತ್ತದೆ?

ಘಟ್ಟದಲ್ಲಿ ಎಲ್ಲಿ ಕಾಡು ಬೋಳಾಯಿತು, ಯಾವ ವರ್ಷ ಬೋಳಾಯಿತು ಎಂದು ಮನೆಯಲ್ಲಿ ಕೂತೇ ಹುಡುಕಲು ಇಷ್ಟು ಸಲೀಸಾದ ಉಚಿತ ಸಾಧನಗಳು ಕಡಿಮೆ. ಗ್ಲೋಬಲ್ ಫಾರೆಸ್ಟ್ ವಾಚ್ ಎಂಬ ಈ ಆನ್‌ಲೈನ್ ನಕ್ಷೆಯನ್ನು ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ 2014ರಲ್ಲಿ ಶುರುಮಾಡಿತು. ಮರ ನಷ್ಟದ ಲೆಕ್ಕವನ್ನು ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಿಂದ ತೆಗೆಯುವುದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ. ನಕ್ಷೆ ನೋಡಲು ಖಾತೆ ಬೇಕಿಲ್ಲ; ನಿಮ್ಮ ಜಾಗವನ್ನು ಗುರುತಿಸಿಟ್ಟು ಇಮೇಲ್ ಎಚ್ಚರಿಕೆ ಪಡೆಯಲು ಮಾತ್ರ ಬೇಕು. ಕನ್ನಡದಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಇದು ಮೊದಲು ತಲುಪಬೇಕಾದದ್ದು ಗ್ರಾಮ ಅರಣ್ಯ ಸಮಿತಿಗಳಿಗೆ.

ಆದರೆ ಕಾಡು ಕಡಿಯುವುದು ಒಂದು, ಕಾಡು ನಿಂತಂತೆಯೇ ಇದ್ದು ಒಳಗಿನ ಮರಜಾತಿಗಳು ಬದಲಾಗುವುದು ಇನ್ನೊಂದು. ಎರಡನೆಯದಕ್ಕೆ ಈ ನಕ್ಷೆಯನ್ನು ನೆಚ್ಚಿಕೊಂಡರೆ ಖಂಡಿತ ಮೋಸಹೋಗುತ್ತೀರಿ.

ಕಾರಣ ಸರಳ. ಈ ಲೆಕ್ಕದಲ್ಲಿ 5 ಮೀಟರ್ ಮೀರಿದ ಯಾವ ಗಿಡವೂ ‘ಟ್ರೀ ಕವರ್’, ಅಂದರೆ ಮರದ ಹೊದಿಕೆ. ಧೂಪ, ರಾಮಪತ್ರೆ ಬೆಳೆದ ನಿತ್ಯಹರಿದ್ವರ್ಣ ಕಾಡೂ ಅದೇ, ಅಕೇಶಿಯಾ ನೆಡುತೋಪೂ ಅದೇ, ರಬ್ಬರ್ ತೋಟವೂ ಅದೇ. ನಕ್ಷೆಯ ಒಂದು ಚೌಕ 30 ಮೀಟರ್‌ಗೆ 30 ಮೀಟರ್, ಹೆಚ್ಚುಕಡಿಮೆ 9 ಗುಂಟೆ. ಅದರೊಳಗೆ ಒಂದೆರಡು ಹೆಮ್ಮರ ಉರುಳಿ ಉಳಿದದ್ದು ಹಸಿರಾಗಿದ್ದರೆ ಸಾಮಾನ್ಯವಾಗಿ ಲೆಕ್ಕಕ್ಕೇ ಬರುವುದಿಲ್ಲ. ನೆರಳಿನಡಿ ಹೊಸ ಸಸಿ ಏಳುತ್ತಿದೆಯೋ ಇಲ್ಲವೋ ಎಂಬುದಂತೂ ಮೇಲಿನಿಂದ ಕಾಣುವ ಮಾತಲ್ಲ.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳನ್ನೇ ನೋಡಿ. ಹಳೆಯ ಕಾಡುಮರಗಳ ಜಾಗಕ್ಕೆ ಸಿಲ್ವರ್ ಓಕ್ ಬಂದಿದೆ: ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯಲು ಅನುಮತಿಯ ತೊಡಕು ಕಡಿಮೆ. ಒಂದೊಂದೇ ಮರ ಬದಲಾಗುವುದರಿಂದ ನಕ್ಷೆಯಲ್ಲಿ ಆ ಚೌಕ ಹಸಿರಾಗಿಯೇ ಉಳಿಯುತ್ತದೆ. ಕಣಿವೆಗಳಲ್ಲಿ ಗಿಡ್ಡ ಕಾಡು, ಸುತ್ತ ಹುಲ್ಲುಗುಡ್ಡ ಇರುವ ಎತ್ತರದ ಶೋಲಾ ಸೀಮೆಯಲ್ಲಿ ಇನ್ನೂ ತಲೆಕೆಳಗು. ನೀಲಗಿರಿ, ಪಳನಿ ಬೆಟ್ಟಗಳ ಹುಲ್ಲುಗಾವಲನ್ನು ಆಸ್ಟ್ರೇಲಿಯಾದಿಂದ ತಂದ ವ್ಯಾಟಲ್ ಮರ ನುಂಗಿದರೆ, ಅದು ನಕ್ಷೆಗೆ ಮರದ ಗಳಿಕೆ. ಹುಲ್ಲು ಮರಳಲಿ ಎಂದು ಅದೇ ವ್ಯಾಟಲನ್ನು ಕಡಿಸಿದರೆ ಗುಲಾಬಿ ಬಣ್ಣದ ‘ನಷ್ಟ’. ಹುಲ್ಲುಗುಡ್ಡವೂ ಒಂದು ಜೀವಲೋಕ, ನೀರು ಹಿಡಿದಿಡುವ ನೆಲ ಎಂಬುದಕ್ಕೆ ಈ ಅಳತೆಗೋಲಿನಲ್ಲಿ ಜಾಗವೇ ಇಲ್ಲ. ಈ ವಿಮರ್ಶೆಯಲ್ಲಿ ಒಂದೇ ಆಕ್ಷೇಪ ಎತ್ತುವುದಾದರೆ ಇದನ್ನೇ ಎತ್ತಬೇಕು.

ಬಳಸುವುದು ಹೀಗೆ. ಮ್ಯಾಪ್ ತೆರೆದು ‘ಫಾರೆಸ್ಟ್ ಚೇಂಜ್’ ಒಳಗೆ ‘ಟ್ರೀ ಕವರ್ ಲಾಸ್’ ಹಚ್ಚಿ. ಮರದ ನೆತ್ತಿ ನೆಲವನ್ನು ಎಷ್ಟು ಮುಚ್ಚಿರಬೇಕು ಎಂಬ ಮಿತಿ ತಾನಾಗಿ ಶೇ. 30ಕ್ಕೆ ನಿಂತಿರುತ್ತದೆ. ನಿತ್ಯಹರಿದ್ವರ್ಣ ಕಾಡಿಗೆ ಅದನ್ನು 75ಕ್ಕೆ ಏರಿಸಿ ಮತ್ತೊಮ್ಮೆ ನೋಡಿ. ಎರಡರ ನಡುವೆ ಅಂಕಿ ಎಷ್ಟು ಜಿಗಿಯುತ್ತದೆ ಎಂಬುದೇ ಒಂದು ಮಾಹಿತಿ. ಎಲೆ ಉದುರುವ ಕಾಡಿಗೆ 75 ಹೆಚ್ಚಾಯಿತು. ಯಾವ ಮಿತಿ ಇಟ್ಟಿರಿ ಎಂದು ಬರೆದುಕೊಳ್ಳದಿದ್ದರೆ ಮುಂದಿನ ವರ್ಷದ ಹೋಲಿಕೆ ವ್ಯರ್ಥ. ತಾಲ್ಲೂಕಿನ ಮೊತ್ತಕ್ಕಿಂತ, ನಿಮಗೆ ಬೇಕಾದ ಗುಡ್ಡದ ಗಡಿಯನ್ನೇ ಗೀಚಿ ಅಥವಾ ಗಡಿಯ ಗೆರೆ ಇರುವ ಕೆಎಂಎಲ್ ಕಡತ ಏರಿಸಿ ಲೆಕ್ಕ ತೆಗೆಯುವುದು ಮೇಲು. ಗುಲಾಬಿ ಚುಕ್ಕೆ ಸಿಕ್ಕಲ್ಲೆಲ್ಲ ಗೂಗಲ್ ಅರ್ಥ್‌ನ ಹಳೆಯ ಚಿತ್ರ ತೆಗೆದು ನೋಡಿ. ನೆಟ್ಟ ತೋಪಾಗಿದ್ದರೆ ಮರಗಳು ಸಾಲಾಗಿ ಕಾಣುತ್ತವೆ.

ಸುದ್ದಿಗಳಲ್ಲಿ ಹೆಚ್ಚು ನಡೆಯುವ ತಪ್ಪು, ಗಳಿಕೆಯಿಂದ ನಷ್ಟ ಕಳೆದು ‘ನಿವ್ವಳ ಕಾಡು’ ಹೇಳುವುದು. ಎರಡೂ ಬೇರೆ ಬೇರೆ ವಿಧಾನದ ಲೆಕ್ಕ, ಕಳೆಯಬಾರದು. 2011ರಿಂದ ಈಚೆಗೆ ನಷ್ಟ ಗುರುತಿಸುವ ವಿಧಾನ ಸುಧಾರಿಸಿದೆ, ಹಾಗಾಗಿ ಅದರ ಹಿಂದಿನ ದಶಕಕ್ಕೆ ಹೋಲಿಸಿ ‘ಕಡಿಯುವುದು ಹೆಚ್ಚಿತು’ ಎನ್ನಲಾಗದು. ಒಂದೇ ವರ್ಷದ ಅಂಕಿಯ ಬದಲು ಮೂರು ವರ್ಷದ ಸರಾಸರಿ ಹಿಡಿಯಿರಿ. ಮಳೆಗಾಲದ ಮೋಡದಿಂದ ಘಟನೆಯ ವರ್ಷ ಮುಂದಕ್ಕೆ ಜಾರುವುದೂ ಉಂಟು. ಉಪಗ್ರಹ ಬೆಳಿಗ್ಗೆ ಹತ್ತರ ಆಸುಪಾಸು ಹಾದುಹೋಗುವುದರಿಂದ ಚಳಿಗಾಲದಲ್ಲಿ ಪಶ್ಚಿಮಕ್ಕೆ ಮುಖಮಾಡಿದ ಕಡಿದಾದ ಇಳಿಜಾರು ನೆರಳಲ್ಲಿರುತ್ತದೆ. ಅಲ್ಲಿನ ಚುಕ್ಕೆಯನ್ನು ಎರಡು ಸಲ ಪರೀಕ್ಷಿಸಿ.

ಜಾತಿಗಳ ಬದಲಾವಣೆಗೆ ನೆಲದ ಅಳತೆಯೇ ಗತಿ. ಮುದುಮಲೈಯಲ್ಲಿ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಗುರುತಿಸಿದ 50 ಹೆಕ್ಟೇರಿನಲ್ಲಿ 1 ಸೆಂ.ಮೀ. ದಪ್ಪದ ಕಾಂಡದಿಂದ ಹಿಡಿದು ಎಲ್ಲದಕ್ಕೂ ಲೆಕ್ಕವಿದೆ. ಬೆಂಡೆ ಮರಗಳನ್ನು ಆನೆಗಳು ಮುರಿದು ಮೇಯ್ದು ಅವುಗಳ ಸಂಖ್ಯೆ ಕುಸಿದದ್ದು ಗೊತ್ತಾದದ್ದು ಹಾಗೆ, ಒಂದೊಂದೇ ಮರ ಎಣಿಸಿ. ಅಷ್ಟು ದೊಡ್ಡದು ಬೇಡ. 20 ಮೀಟರ್ ಚೌಕಗಳು ಕೆಲವಿದ್ದರೆ ನಕ್ಷೆಯ ಜೊತೆ ಓದಬಹುದು. ಇಳಿಜಾರಲ್ಲಿ ಹಗ್ಗ ಹಾಸುವಾಗ ಕೋನ ನೋಡಿ: 30 ಡಿಗ್ರಿ ಇದ್ದರೆ 20 ಮೀಟರ್‌ಗೆ 23.1 ಮೀಟರ್ ಹಗ್ಗ ಬೇಕು, ಇಲ್ಲದಿದ್ದರೆ ಚೌಕ ಚಿಕ್ಕದಾಗುತ್ತದೆ. ಸುತ್ತಳತೆಯನ್ನು 1.3 ಮೀಟರ್ ಎತ್ತರದಲ್ಲಿ, ಮರದ ಮೇಲ್‌ಬದಿಯ ನೆಲದಿಂದ ಎಣಿಸಿ ತೆಗೆಯಿರಿ. ಅಳೆದಲ್ಲಿ ಬಣ್ಣದ ಗೆರೆ ಎಳೆಯಿರಿ. ಬುಡದಲ್ಲಿ ಹಲಗೆಬೇರು ಇದ್ದು ಅದರ ಮೇಲೆ ಅಳೆದರೆ ಆ ಎತ್ತರವನ್ನೂ ಬರೆದಿಡಿ. ಮುಂದಿನ ಸಲ ಬೇರೆ ಎತ್ತರದಲ್ಲಿ ಅಳೆದರೆ ಬೆಳೆದ ಮರವೂ ಕುಗ್ಗಿದಂತೆ ತೋರುತ್ತದೆ.