ಲಾಕ್‌ಡೌನ್‌ನಲ್ಲಿ ಅಂಗಡಿಗೆ ದುಡ್ಡು: ಚಿನ್ನ, ಪಿಗ್ಮಿ, ಸರ್ಕಾರದ ಸಾಲ, ಎಲ್ಲ ಮಾಡಿ ನೋಡಿದ್ದು

ಮಂಗಳೂರಿನ ಕಾವೂರು ಕಡೆ ನನ್ನದೊಂದು ದಿನಸಿ ಅಂಗಡಿ. ಮನೆಗಳಿಗೆ ಚಿಲ್ಲರೆ ವ್ಯಾಪಾರ, ಜೊತೆಗೆ ನಾಲ್ಕು ಹೋಟೆಲ್ ಮತ್ತು ಎರಡು ಪಿಜಿಗೆ ಸಪ್ಲೈ. 2020ರ ಮಾರ್ಚ್ ಕೊನೆಗೆ ಹೋಟೆಲ್‌ಗಳು ಬಾಗಿಲು ಹಾಕಿದವು, ಪಿಜಿ ಹುಡುಗರು ಊರಿಗೆ ಹೋದರು, ಅವರೆಲ್ಲರಿಂದ ಬರಬೇಕಿದ್ದ 1.8 ಲಕ್ಷ ಅಲ್ಲೇ ನಿಂತಿತು. ಅದೇ ಹೊತ್ತಿಗೆ ಮನೆಯವರು ಹತ್ತು ಕೆಜಿ ಕುಚ್ಚಲಕ್ಕಿ ಒಯ್ಯುವಲ್ಲಿ ಇಡೀ ಮೂಟೆ ಕೇಳಲು ಶುರು ಮಾಡಿದರು. ಬಂದರಿನ ಹೋಲ್‌ಸೇಲ್‌ನವರು ಮೊದಲು ಹದಿನೈದು ದಿನ ಕ್ರೆಡಿಟ್ ಕೊಡುತ್ತಿದ್ದವರು, ಈಗ ದುಡ್ಡು ಕೈಗೆ ಬಂದರೆ ಮಾತ್ರ ಲೋಡ್ ಎಂದರು. ಅವರದ್ದೂ ತಪ್ಪಲ್ಲ, ಮೇಲಿನವರು ಅವರಿಗೂ ಹಾಗೇ ಹೇಳಿರುತ್ತಾರೆ. ಅಂಗಡಿ ಮುಂದೆ ಕ್ಯೂ ಇದೆ, ಗಲ್ಲಾದಲ್ಲಿ ಮಾಲು ತರುವಷ್ಟು ದುಡ್ಡಿಲ್ಲ.

ಒಬ್ಬ ಹೋಲ್‌ಸೇಲ್‌ನವರು ಮಾತ್ರ ಹತ್ತು ದಿನ ಕ್ರೆಡಿಟ್‌ಗೆ ಒಪ್ಪಿದರು, ಆದರೆ 50 ಕೆಜಿ ಮೂಟೆಗೆ ನಲವತ್ತು ರೂಪಾಯಿ ಜಾಸ್ತಿ. ಕಾಗದ ಇಲ್ಲ, ಸಹಿ ಇಲ್ಲ, ಬಡ್ಡಿ ಎಂಬ ಮಾತೇ ಇಲ್ಲ, ಹಾಗಾಗಿ ಸುಲಭ ಅನಿಸಿತು. ಎರಡು ಲೋಡ್ ತಂದ ಮೇಲೆ ಕೂತು ಲೆಕ್ಕ ಹಾಕಿದೆ. ಸಾವಿರದ ಎಂಟುನೂರರ ಮೂಟೆಗೆ ನಲವತ್ತು ಎಂದರೆ ಹತ್ತು ದಿನಕ್ಕೆ ನೂರಕ್ಕೆ ಎರಡು ರೂಪಾಯಿಗಿಂತ ಮೇಲೆ, ತಿಂಗಳಿಗೆ ಆರಕ್ಕಿಂತ ಮೇಲೆ! ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ದುಬಾರಿ ಸಾಲ ಇದೇ, ಅದು ಸಾಲದ ಹಾಗೆ ಕಾಣುವುದಿಲ್ಲ ಅಷ್ಟೆ.

ಆಮೇಲೆ ಸೊಸೈಟಿಯ ಪಿಗ್ಮಿ. ದಿನಕ್ಕೆ ಇನ್ನೂರು ಕಟ್ಟುತ್ತಿದ್ದೆ, 46,000 ಆಗಿತ್ತು, ಅದರ ಮೇಲೆ 36,000 ಸಾಲ ಅರ್ಧ ಗಂಟೆಯಲ್ಲಿ ಕೈಗೆ ಬಂತು. (ಪಿಗ್ಮಿ ಹುಟ್ಟಿದ್ದು ನಮ್ಮ ಉಡುಪಿಯಲ್ಲೇ, 1928ರಲ್ಲಿ, ದಿನಕ್ಕೆ ಎರಡಾಣೆಯಿಂದ. ಅದನ್ನು ಶುರು ಮಾಡಿದ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ಸೇರಿ ಹೋದದ್ದು ಇದೇ ಲಾಕ್‌ಡೌನ್ ನಡುವೆ, 2020ರ ಏಪ್ರಿಲ್ 1ಕ್ಕೆ. ಆ ದಿನ ಯಾರಿಗೆ ಅದರ ಕಡೆ ಗಮನ?) ನಮ್ಮದೇ ದುಡ್ಡಿಗೆ ನಾವೇ ಬಡ್ಡಿ ಕಟ್ಟುವುದು ಒಂದು ತಮಾಷೆ, ಆದರೂ ಯಾರ ಹತ್ತಿರವೂ ಕೈ ಚಾಚುವ ಕೆಲಸ ಇಲ್ಲ. ಕೊರತೆ ಒಂದೇ, ಮೊತ್ತ ಸಣ್ಣದು. ಇಪ್ಪತ್ತು ಮೂಟೆಗೆ ಮುಗಿಯಿತು.

ನಿಜವಾಗಿ ಅಂಗಡಿ ನಡೆಸಿದ್ದು ಚಿನ್ನ. ಕೇಳಲಿಕ್ಕೆ ನನಗೆ ಸಂಕೋಚ ಇತ್ತು. ಹೆಂಡತಿಯೇ ಕಪಾಟಿನಿಂದ ತೆಗೆದು ಕೊಟ್ಟಳು, "ಇಲ್ಲಿಟ್ಟು ಎಂತ ಮಾಡುವುದು, ಈಗ ಯಾವ ಮದುವೆಗೆ ಹೋಗಲಿಕ್ಕುಂಟು?" ಬಳೆ, ಸರ ಎಲ್ಲ ಸೇರಿ ಏಳು ಪವನು. ಬ್ಯಾಂಕ್ ತೆರೆದಿತ್ತು, ಆದರೆ ಚಿನ್ನ ನೋಡುವ ಸರಾಫರಿಗೆ ಬರಲು ಬಸ್ಸಿಲ್ಲ. ದಿನಸಿ ಪಾಸ್ ಅಂಟಿಸಿದ ನನ್ನ ಓಮ್ನಿಯಲ್ಲಿ, ಅಕ್ಕಿ ಮೂಟೆಗಳ ಪಕ್ಕ ಅವರನ್ನು ಕೂರಿಸಿಕೊಂಡು ನಾನೇ ಕರೆತಂದೆ. ಅವರು ಒರೆಗಲ್ಲು ಹೊರಗೆ ತೆಗೆಯುವ ಮೊದಲು ಚಿನ್ನಕ್ಕೇ ಸ್ಯಾನಿಟೈಸರ್ ಹಾಕಿದರು, ನಗು ಬಂದರೂ ಮಾಸ್ಕ್ ಒಳಗೇ ನಕ್ಕೆ. "ಎರಡು ಪೊಟ್ಟಣ ಮಾಡಿ ಮಾರಾಯ್ರೆ, ಒಟ್ಟಿಗೆ ಬಿಡಿಸಲಿಕ್ಕೆ ಕಷ್ಟ" ಎಂದು ಹೇಳಿದ್ದೂ ಅವರೇ. ಹಾಗೆ 90,000 ಮತ್ತು 60,000, ಎರಡು ಬೇರೆ ಬೇರೆ ಸಾಲ. ವರ್ಷಕ್ಕೆ ನೂರಕ್ಕೆ ಒಂಬತ್ತೂವರೆ, ಅಂದರೆ ತಿಂಗಳಿಗೆ ಎಂಬತ್ತು ಪೈಸೆ. ಹೋಲ್‌ಸೇಲ್‌ನವರ ಆರು ರೂಪಾಯಿ ಎಲ್ಲಿ, ಈ ಎಂಬತ್ತು ಪೈಸೆ ಎಲ್ಲಿ! ಮಧ್ಯಾಹ್ನದೊಳಗೆ ದುಡ್ಡು ಖಾತೆಗೆ ಬಂತು, ಮರುದಿನ ಬೆಳ್ತಿಗೆ, ಕುಚ್ಚಲು, ಸಕ್ಕರೆ ಎಲ್ಲ ಇಳಿಸಿದೆ.

ಕಂತು ಮುಂದೂಡುವ ಮೊರಟೋರಿಯಂ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ರಿಸರ್ವ್ ಬ್ಯಾಂಕ್ ಮಾರ್ಚ್ 27ಕ್ಕೆ ಘೋಷಿಸಿತು, ಮೊದಲು ಮೇ 31ರವರೆಗೆ, ಆಮೇಲೆ ಆಗಸ್ಟ್ 31ರವರೆಗೆ. ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಗಾಡಿ ಸಾಲದ ಮೂರು ಕಂತು ಬಿಟ್ಟೆ, ಕೊನೆಯಲ್ಲಿ ನಾಲ್ಕು ಕಂತು ಸೇರಿತು. ಚಕ್ರಬಡ್ಡಿ ವಾಪಸ್ ಅಂತ ಆಮೇಲೆ ಸುದ್ದಿಯಾಯಿತಲ್ಲ, ನನ್ನ ಖಾತೆಗೆ ಬಂದದ್ದು ಇನ್ನೂರರ ಆಸುಪಾಸು.

ಈಗ ಸರ್ಕಾರದ್ದು. ಮೇ 13ಕ್ಕೆ ಹಣಕಾಸು ಸಚಿವೆ ಮೂರು ಲಕ್ಷ ಕೋಟಿಯ ತುರ್ತು ಸಾಲ ಎಂದು ಘೋಷಿಸಿದರು, ಇಸಿಎಲ್‌ಜಿಎಸ್. ಹೊಸ ಅಡವು ಬೇಡ, ಕೇಂದ್ರ ಸರ್ಕಾರದ್ದೇ ನೂರಕ್ಕೆ ನೂರು ಗ್ಯಾರಂಟಿ, ಬ್ಯಾಂಕ್ ಬಡ್ಡಿ 9.25 ದಾಟುವ ಹಾಗಿರಲಿಲ್ಲ, ನಾಲ್ಕು ವರ್ಷ ಅವಧಿ, ಮೊದಲ ವರ್ಷ ಬಡ್ಡಿ ಮಾತ್ರ. ನನಗೆ ಬಿದ್ದದ್ದು ಏಳೂವರೆ. ಕಾಗದದಲ್ಲಿ ಇದಕ್ಕಿಂತ ಒಳ್ಳೆಯದು ಇರಲೇ ಇಲ್ಲ. ಆದರೆ ಕೊಡುತ್ತಿದ್ದದ್ದು 2020ರ ಫೆಬ್ರವರಿ 29ಕ್ಕೆ ಬಾಕಿ ಇದ್ದ ಸಾಲದ 20 ಪರ್ಸೆಂಟ್. ನಾನು ಫೆಬ್ರವರಿ 28ಕ್ಕೆ, ತಿಂಗಳ ಕೊನೆ ಅಲ್ವಾ ಎಂದು, ವಸೂಲಿ ದುಡ್ಡು ಒಂದು ಲಕ್ಷವನ್ನು ಅಂಗಡಿಯ ಓವರ್‌ಡ್ರಾಫ್ಟ್ ಸಾಲಕ್ಕೆ ಹಾಕಿ ಬಂದಿದ್ದೆ. ಬಾಕಿ 4.1ರಿಂದ 3.1 ಲಕ್ಷಕ್ಕೆ ಇಳಿಯಿತು, ಸಿಕ್ಕಿದ್ದು 62,000. ಸುಮ್ನೆ ಇದ್ದಿದ್ದರೆ 82,000! ಮೊದಲು ಸಾಲವನ್ನೇ ಮಾಡದೆ ಅಂಗಡಿ ನಡೆಸಿದ ಪಕ್ಕದವರಿಗೆ ಇದರಲ್ಲಿ ಒಂದು ರೂಪಾಯಿಯೂ ಇರಲಿಲ್ಲ, ಇದು ನನಗೆ ಈಗಲೂ ಸರಿ ಅನಿಸುವುದಿಲ್ಲ. ಅದೂ ನನ್ನ ಕೈಗೆ ಬಂದದ್ದು ಜುಲೈಯಲ್ಲಿ. ಏಪ್ರಿಲ್‌ನಲ್ಲಿ ಇದನ್ನೇ ಕಾದಿದ್ದರೆ ಅಂಗಡಿಯಲ್ಲಿ ಉಪ್ಪಿನಕಾಯಿ ಬಾಟಲಿ ಮಾತ್ರ ಉಳಿಯುತ್ತಿತ್ತು.

ಸಣ್ಣ ಉದ್ದಿಮೆಗಳಿಗೆಂದೇ ಇರುವ ಸಿಡ್ಬಿ ಬ್ಯಾಂಕಿನ 5 ಪರ್ಸೆಂಟ್ ಸಾಲವನ್ನೂ ವಿಚಾರಿಸಿದೆ. ಅದು ಇದ್ದದ್ದು ಮಾಸ್ಕ್, ಸ್ಯಾನಿಟೈಸರ್ ತಯಾರಿಸುವವರಿಗೆ, ನಮ್ಮಂಥ ಅಂಗಡಿಯವರಿಗಲ್ಲ. ನಮ್ಮ ಮೂಲೆಯಲ್ಲಿ ಬೊಂಡ (ಎಳನೀರು) ಮಾರುವವರಿಗೆ, ಬೀದಿ ವ್ಯಾಪಾರಿಗಳ ಸರ್ಕಾರಿ ಸಾಲ ಸ್ವನಿಧಿಯ ಹತ್ತು ಸಾವಿರಕ್ಕೆ ನಾನೇ ಫೋನಿನಲ್ಲಿ ಅರ್ಜಿ ಹಾಕಿಕೊಟ್ಟೆ. ಒಂದು ವರ್ಷದ ಸಾಲ, ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ 7 ಪರ್ಸೆಂಟ್ ಸರ್ಕಾರ ಕೊಡುತ್ತಿತ್ತು, ಬೀದಿ ವ್ಯಾಪಾರಕ್ಕೆ ಚೆನ್ನಾಗಿತ್ತು. ಆದರೆ ಆಧಾರ್‌ಗೆ ಕೊಟ್ಟ ನಂಬರಿನ ಸಿಮ್ ಅವರು ಯಾವಾಗಲೋ ಬಿಸಾಡಿದ್ದರು. ಓಟಿಪಿ ಬರಬೇಕಾದರೆ ಮೊದಲು ಅದನ್ನು ಸರಿ ಮಾಡಬೇಕು, ಅದಕ್ಕೇ ಹದಿನೈದು ದಿನ.

ಇಸಿಎಲ್‌ಜಿಎಸ್ 2023ರ ಮಾರ್ಚ್‌ಗೆ ಮುಗಿದಿದೆ, ಈಗ ಕೇಳಿಕೊಂಡು ಹೋಗಬೇಡಿ. ನನಗೆ ಅದು ಉಪಯೋಗಕ್ಕೆ ಬಂದದ್ದು ಮಾಲು ತರಲಿಕ್ಕಲ್ಲ. ಜುಲೈಯಲ್ಲಿ ಸಣ್ಣ ಪೊಟ್ಟಣ ಬಿಡಿಸಲು ಮೂರು ತಿಂಗಳ ಬಡ್ಡಿ ಸೇರಿ ಅರವತ್ತೊಂದೂವರೆ ಸಾವಿರದ ಹತ್ತಿರ ಬೇಕಿತ್ತು, 62,000 ಅಲ್ಲಿಗೇ ಹೋಯಿತು. ಒಂಬತ್ತೂವರೆಯ ಸಾಲ ಏಳೂವರೆಗೆ ಇಳಿಯಿತು, ಒಂದು ವರ್ಷ ಅಸಲು ಕೇಳುವವರಿಲ್ಲ. ದೊಡ್ಡ ಪೊಟ್ಟಣ ಹೋಟೆಲ್‌ನವರ ಬಾಕಿ ಬಂದ ಮೇಲೆ, ದೀಪಾವಳಿ ಕಳೆದು ಬಿಡಿಸಿದೆ. ಬಳೆ ತಂದು ಕೊಟ್ಟಾಗ ಹೆಂಡತಿ ಒಂದೊಂದಾಗಿ ಎಣಿಸಿ, ಮೂಗಿನ ಹತ್ತಿರ ಹಿಡಿದು, "ಇನ್ನೂ ಸ್ಯಾನಿಟೈಸರ್ ವಾಸನೆ ಉಂಟಾ ಅಂತ ನೋಡಿದೆ" ಅಂದಳು.